ಸಹಾಯ ಬೇಕು: ಅಪ್ಪನ ಪಿಎಸ್‌ಎ (ಪ್ರಾಸ್ಟೇಟಿನ ರಕ್ತ ಪರೀಕ್ಷೆ) 28, ಮುಂದೇನು?

ನಮಸ್ಕಾರ, ನಾನು ಕಾಸರಗೋಡಿನ ಬದಿಯಡ್ಕದವನು. ಅಪ್ಪನಿಗೆ 71 ವರ್ಷ, ಬಯಾಪ್ಸಿಯಲ್ಲಿ ಪ್ರಾಸ್ಟೇಟ್ ಕ್ಯಾನ್ಸರ್ ಅಂತ ಬಂದಿದೆ, ಗ್ಲೀಸನ್ (ಕ್ಯಾನ್ಸರ್ ಎಷ್ಟು ತೀವ್ರ ಅನ್ನುವ ಅಂಕ) 4+3. ಮೂತ್ರದ ಸೋಂಕಿದ್ದರೂ, ಗ್ರಂಥಿ ಸುಮ್ನೆ ದೊಡ್ಡದಾದರೂ ಪಿಎಸ್‌ಎ ಏರುತ್ತದೆ, ಅದೊಂದನ್ನೇ ನೋಡಿ ಕ್ಯಾನ್ಸರ್ ಹರಡಿದೆ ಅನ್ನಲಾಗದು ಅಂದರು ಡಾಕ್ಟರು. ಆದರೆ ರಕ್ತದಲ್ಲಿ ಅಲ್ಕಲೈನ್ ಫಾಸ್ಫಟೇಸ್ ಅನ್ನುವ ಕಿಣ್ವ ಕೂಡ ಜಾಸ್ತಿ ಇದೆ. ಮೂಳೆಗೆ ಹೋಗಿದ್ದರೆ ಅದು ಏರಬಹುದಂತೆ, ಲಿವರ್ ತೊಂದರೆಯಿಂದಲೂ ಏರುತ್ತದೆ ಅಲ್ವಾ? ನಿಮ್ಮ ಮನೆಯಲ್ಲಿ ಯಾರಿಗಾದರೂ ಹೀಗೆ ಬಂದು ಕೊನೆಗೆ ಏನೂ ಹರಡಿಲ್ಲ ಅಂತ ಆದದ್ದುಂಟಾ?

ಈಗ ಕ್ಯಾನ್ಸರ್ ಎಲ್ಲಿಗಾದರೂ ಹರಡಿದೆಯಾ ಅಂತ ನೋಡುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ಬರೆದಿದ್ದಾರೆ. ಮಂಗಳೂರಿಗೆ ಹೋಗುವುದಾ, ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರಿಗಾ? ಅಪ್ಪನಿಗೆ ಮಲಯಾಳ ಅಷ್ಟಕ್ಕಷ್ಟೇ, ಅಡಿಕೆ ತೋಟ ಬಿಟ್ಟು ಬರುವುದಂತೂ ಇನ್ನೂ ಕಷ್ಟ. ಹೋಗಿ ಬಂದವರು ಖರ್ಚೆಷ್ಟು, ಎಷ್ಟು ದಿನ ಕಾಯಬೇಕು ಅಂತ ತಿಳಿಸಿ. ಕಷಾಯದ ಸಲಹೆ ಮಾತ್ರ ಬೇಡ, ಅದು ನೆಂಟರಿಂದ ಬೇಕಾದಷ್ಟು ಸಿಕ್ಕಿದೆ.