ಮುಂದಿನ ಭಾಗ, ರೀಬೂಟ್, ರೀಮೇಕ್: ಯಾವುದನ್ನು ನಂಬಿ ಟಿಕೆಟ್ ತೆಗೆಯೋದು? ನಿಮ್ಮ ಅನುಭವ ಹೇಳಿ

ಕೇಳಿದವರು, ತುಮಕೂರು

ನಾನು, ನನ್ನ 17 ವರ್ಷದ ಮಗಳು ಇಬ್ಬರಿಗೂ ಸೈನ್ಸ್ ಫಿಕ್ಷನ್, ಹಾರರ್ ಸಿನಿಮಾ ಅಂದ್ರೆ ಪ್ರಾಣ. ನಮ್ಮೂರಿಗೆ ಇಂಥ ಸಿನಿಮಾ ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಹಾಗಾಗಿ ಬೆಂಗಳೂರಿಗೇ ಹೋಗಬೇಕು. ಬಸ್ಸು, ಟಿಕೆಟ್ಟು, ಊಟ ಎಲ್ಲ ಸೇರಿದರೆ ಒಂದು ಭಾನುವಾರದ ಖರ್ಚು ಚೆನ್ನಾಗಿಯೇ ಆಗುತ್ತೆ. ವರ್ಷಕ್ಕೆ ಮೂರು ಸಲ, ಹೆಚ್ಚೆಂದರೆ ನಾಲ್ಕು.

ಈಗ ಬರುತ್ತಿರುವುದೆಲ್ಲ ಹಳೆಯದರ ಮುಂದುವರಿಕೆ, ಇಲ್ಲವೇ ರೀಬೂಟ್, ಅಂದರೆ ಹಳೇ ಸಾಲನ್ನು ಹೊಸದಾಗಿ ಶುರು ಮಾಡೋದು. ಡ್ಯೂನ್ ಮೂರನೇ ಭಾಗ, ಗಾಡ್ಜಿಲ್ಲಾ ಮೈನಸ್ ಒನ್ ಆದಮೇಲಿನದು, ಇನ್ನೊಂದು ಈವಿಲ್ ಡೆಡ್. ಕಳೆದ ಸಲ ಹೋದಾಗ ಹಿಂದಿನ ಭಾಗ ನೋಡದ ಮಗಳಿಗೆ ಅರ್ಧ ಕಥೆ ಹತ್ತಲಿಲ್ಲ. ನೋಡಿದ್ದ ನನಗೆ ಮುಂದೇನು ಅನ್ನೋದು ಪ್ರತಿ ದೃಶ್ಯದಲ್ಲೂ ಮೊದಲೇ ಗೊತ್ತಾಗುತ್ತಿತ್ತು. ಇಬ್ಬರೂ ಬಸ್ಸಿನಲ್ಲಿ ಮಾತಾಡದೆ ವಾಪಸ್ ಬಂದೆವು.

ಹೋಗುವ ಮುಂಚೆ ಯಾವುದನ್ನು ನೋಡಿಕೊಂಡಿರಬೇಕು, ಯಾವುದನ್ನು ಬಿಟ್ಟರೂ ನಡೆಯುತ್ತೆ? ಮುಂದಿನ ಭಾಗ ಚೆನ್ನಾಗಿರುತ್ತೋ ಇಲ್ಲವೋ ಅನ್ನೋದನ್ನ ನೀವು ಹೇಗೆ ಅಳೆಯುತ್ತೀರಿ?

—

ಬೆಂಗಳೂರು, ವಿಎಫ್‌ಎಕ್ಸ್ (ಸಿನಿಮಾದ ದೃಶ್ಯ ಪರಿಣಾಮ) ಕೆಲಸ

ಹದಿನಾಲ್ಕು ವರ್ಷದಿಂದ ಕಂಪೋಸಿಟಿಂಗ್ ಮಾಡ್ತಿದ್ದೀನಿ, ಅಂದರೆ ಬೇರೆ ಬೇರೆ ಕಡೆ ತಯಾರಾದ ಚಿತ್ರಗಳನ್ನು ಒಂದೇ ಶಾಟ್‌ನಲ್ಲಿ ಕೂರಿಸೋ ಕೆಲಸ. ಅದಕ್ಕೇ ನನ್ನ ಕಣ್ಣು ಮೊದಲು ಹೋಗೋದು ಪ್ರಾಣಿಯ ಕಡೆಗಲ್ಲ, ಅದರ ನೆರಳಿನ ಕಡೆಗೆ.

ರೀಬೂಟ್ ಕೆಟ್ಟಾಗಲೆಲ್ಲ "ಸಿಜಿ (ಕಂಪ್ಯೂಟರ್ ಗ್ರಾಫಿಕ್ಸ್) ಜಾಸ್ತಿ ಆಯ್ತು" ಅಂತಾರೆ. ನಾನು ಒಪ್ಪಲ್ಲ. ಜಾನ್ ಕಾರ್ಪೆಂಟರ್ 1982ರಲ್ಲಿ ಮಾಡಿದ ದಿ ಥಿಂಗ್ ತಗೊಳ್ಳಿ. ಅಂಟಾರ್ಕ್ಟಿಕಾದ ಒಂದು ಶಿಬಿರ, ಯಾರ ರೂಪ ಬೇಕಾದರೂ ತಾಳುವ ಒಂದು ಜೀವಿ. ರಾಬ್ ಬೊಟೀನ್ ಅದನ್ನೆಲ್ಲ ರಬ್ಬರು, ಅಂಟು, ಯಂತ್ರ ಇಟ್ಟುಕೊಂಡು ಕೈಯಲ್ಲಿ ಮಾಡಿದ್ದ. 2011ರಲ್ಲಿ ಅದೇ ಹೆಸರಿನಲ್ಲಿ ಅದರ ಹಿಂದಿನ ಕಥೆ ಬಂತು, ನಾರ್ವೆಯವರ ಶಿಬಿರದ್ದು. ಅದಕ್ಕೂ ಯಾಂತ್ರಿಕ ಪ್ರಾಣಿಗಳನ್ನೇ ಮಾಡಿ ಸೆಟ್ಟಿನಲ್ಲಿ ನಿಲ್ಲಿಸಿ ಶೂಟ್ ಮಾಡಿದ್ದರು. ಆಮೇಲೆ ಬಹುಪಾಲನ್ನು ಕಂಪ್ಯೂಟರ್ ಗ್ರಾಫಿಕ್ಸ್‌ನಿಂದ ಮುಚ್ಚಿಬಿಟ್ಟರು. ಶೂಟಿಂಗ್ ದಿನ ಬೆಳಕು ಬಿದ್ದದ್ದು ಒಂದು ದೇಹದ ಮೇಲೆ, ನಟರ ಕಣ್ಣು ನೆಟ್ಟದ್ದೂ ಆ ದೇಹದ ಮೇಲೆ, ತೆರೆಯ ಮೇಲೆ ಇರುವುದು ಮಾತ್ರ ಬೇರೊಂದು. ನೋಡುವವರಿಗೆ ಕಾರಣ ಗೊತ್ತಾಗಲ್ಲ, ಭಯ ಹುಟ್ಟಲಿಲ್ಲ ಅನ್ನೋದು ಗೊತ್ತಾಗುತ್ತೆ. ತಪ್ಪು ಸಿಜಿಯದ್ದಲ್ಲ, ಮನಸ್ಸು ಬದಲಾಯಿಸಿದ್ದು ತಡವಾಗಿ. ತಡವಾಗಿ ಬಂದ ತೀರ್ಮಾನಗಳನ್ನು ರಾತ್ರಿ ಕೂತು ಮುಚ್ಚಿಹಾಕುವ ಕೆಲಸ ನಾನೂ ಮಾಡಿದ್ದೀನಿ, ಹೊಟ್ಟೆ ಉರಿಯುತ್ತೆ.

ಇನ್ನೊಂದು ಕಡೆ ಗಾಡ್ಜಿಲ್ಲಾ ಮೈನಸ್ ಒನ್ (2023). ನಿರ್ದೇಶಕ ತಕಾಶಿ ಯಮಜಾಕಿಯೇ ವಿಎಫ್‌ಎಕ್ಸ್ ಮೇಲ್ವಿಚಾರಕ. 35 ಜನರ ತಂಡ, 610 ಶಾಟ್. 2024ರಲ್ಲಿ ಆಸ್ಕರ್ ಬಂತು. ಅದರ ಸಮುದ್ರದ ನೀರು ನೋಡಿ ನಮ್ಮ ಆಫೀಸಿನಲ್ಲಿ ಎಲ್ಲರೂ ಎದ್ದು ನಿಂತು ಚಪ್ಪಾಳೆ ಹೊಡೆದಿದ್ದೆವು. ಕಥೆ ಬರೆದವನೇ, ಶಾಟ್ ಒಪ್ಪುವವನೇ ಒಬ್ಬನಾದರೆ ಏನಾಗುತ್ತೆ ಅಂತ ತೋರಿಸಿದ ಸಿನಿಮಾ ಅದು. ಮುಂದಿನದಕ್ಕೂ ಅವನೇ ಇದ್ದಾನೆ. ನಿಮ್ಮ ಮೂರು ಭಾನುವಾರದಲ್ಲಿ ಒಂದನ್ನು ಕಣ್ಣುಮುಚ್ಚಿ ಅದಕ್ಕೆ ಇಡಿ. ಮೊದಲನೆಯದನ್ನು ಮಾತ್ರ ಖಂಡಿತ ನೋಡಿಕೊಂಡೇ ಹೋಗಿ.

ಏಲಿಯನ್ ಸಾಲು ಶುರು ಮಾಡೋದಾದರೆ 1979ರ ಮೊದಲನೆಯದು, 1986ರ ಏಲಿಯನ್ಸ್, ಆಮೇಲೆ ನೇರವಾಗಿ 2024ರ ರೊಮ್ಯುಲಸ್. ಅದರ ಕಥೆ ನಡೆಯೋದೇ ಆ ಎರಡರ ನಡುವೆ. ಅದರಲ್ಲಿ ಬಹಳಷ್ಟನ್ನು ಮತ್ತೆ ಕೈಯಲ್ಲಿ ಮಾಡಿದ್ದಾರೆ, 1986ರಲ್ಲಿ ಕೆಲಸ ಮಾಡಿದ್ದ ಕಲಾವಿದರನ್ನೂ ಕರೆಸಿದ್ದರು.

—

ಶಿವಮೊಗ್ಗ

ಬೇರೆಲ್ಲ ಆಮೇಲೆ, ಮೊದಲು ಸರ್ಟಿಫಿಕೇಟ್ ನೋಡಿ. ಮಗಳಿಗೆ 17 ಅಂದಿರಿ. "ಎ" ಇದ್ದರೆ 18 ತುಂಬದವರನ್ನು ಒಳಗೆ ಬಿಡಲ್ಲ, ಅಪ್ಪ ಜೊತೆಗಿದ್ದರೂ ಬಿಡಲ್ಲ. ಈಗ ಯುಎ 7+, 13+, 16+ ಅಂತ ಮೂರು ಬೇರೆ ಆಗಿವೆ. 16+ ಇದ್ದರೆ ನಿಮಗೆ ತೊಂದರೆ ಇಲ್ಲ. ನಾವು ನೋಡದೆ ಬುಕ್ ಮಾಡಿ, ಮಗನನ್ನು ಕರೆದುಕೊಂಡು ಒಂದು ಮಲ್ಟಿಪ್ಲೆಕ್ಸಿನ ಬಾಗಿಲವರೆಗೆ ಹೋಗಿ ವಾಪಸ್ ಬಂದಿದ್ದೇವೆ, ದುಡ್ಡೂ ಹೋಯಿತು. ಅವನ ಮುಖ ಇನ್ನೂ ನೆನಪಿದೆ. ಈವಿಲ್ ಡೆಡ್ ಥರದ್ದಕ್ಕೆ ಬಸ್ ಹತ್ತುವ ಮುಂಚೆ ಇದೊಂದು ನೋಡಿಬಿಡಿ.

—

ಮೈಸೂರು, ನಿವೃತ್ತ ಅಧ್ಯಾಪಕ

ರೀಮೇಕ್ ಅಂದಕೂಡಲೇ ಮೂಲಕ್ಕೆ ಅಪಚಾರ ಅಂತ ಭಾವಿಸುವವರಿಗೆ ನಾನೊಂದು ಮಾತು ಹೇಳಬೇಕು. ಮೇಲೆ ಹೇಳಿದ 1982ರ ದಿ ಥಿಂಗ್ ಕೂಡ ಹೊಸ ಕಥೆಯಲ್ಲ. 1938ರಲ್ಲಿ ಜಾನ್ ಕ್ಯಾಂಪ್‌ಬೆಲ್ ಬರೆದ ನೀಳ್ಗತೆ ಅದಕ್ಕೆ ಮೂಲ. 1951ರಲ್ಲಿ ಅದು ಒಮ್ಮೆ ಸಿನಿಮಾ ಆಗಿತ್ತು, ಆದರೆ ರೂಪ ಬದಲಾಯಿಸುವ ಗುಣವನ್ನೇ ಬಿಟ್ಟು, ಒಂದು ದೊಡ್ಡ ಸಸ್ಯಜೀವಿಯನ್ನು ಮಾಡಿದ್ದರು. ಕಾರ್ಪೆಂಟರ್ ಹಿಂದಿನ ಸಿನಿಮಾವನ್ನು ದಾಟಿ ಕಥೆಯ ಬುಡಕ್ಕೆ ಹೋದ. ಅವನ ಸಿನಿಮಾ 1982ರ ಜೂನ್ 25ರಂದು ಬಿಡುಗಡೆಯಾಯಿತು. ಎರಡು ವಾರ ಮೊದಲು ಇ.ಟಿ. ಬಂದಿತ್ತು, ಸ್ನೇಹದ ಅನ್ಯಗ್ರಹದವನನ್ನು ಎಲ್ಲರೂ ಅಪ್ಪಿಕೊಂಡಿದ್ದ ಹೊತ್ತು. ಇವನ ಸಿನಿಮಾವನ್ನು ವಿಮರ್ಶಕರು ಬೈದರು, ಜನ ಬಿಟ್ಟರು. ಇಂದು ಅದನ್ನು ತಲೆಯ ಮೇಲೆ ಹೊತ್ತು ಮೆರೆಸುತ್ತಿದ್ದೇವೆ. ಮೊದಲ ವಾರದ ವಿಮರ್ಶೆಯನ್ನು ಅಷ್ಟೊಂದು ನಂಬಬೇಡಿ ಎನ್ನುವುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಉದಾಹರಣೆ ಗೊತ್ತಿಲ್ಲ.

ನಿಮ್ಮ ಮಗಳಿಗೆ ಒಂದು ಓದಿನ ಹಾಗೆ ಇದನ್ನು ಮಾಡಿಸಿ: ಇನ್ವೇಶನ್ ಆಫ್ ದಿ ಬಾಡಿ ಸ್ನ್ಯಾಚರ್ಸ್. ಮನುಷ್ಯರ ಜಾಗಕ್ಕೆ ಅವರದೇ ರೂಪದ ಅನ್ಯಜೀವಿಗಳು ಬಂದು ಸೇರುವ ಈ ಕಥೆ ನಾಲ್ಕು ಸಲ ಸಿನಿಮಾ ಆಗಿದೆ. 1956ರದ್ದು ಒಂದು ಸಣ್ಣ ಊರಿನಲ್ಲಿ ನಡೆಯುತ್ತದೆ, ಎಲ್ಲರೂ ಎಲ್ಲರಿಗೂ ಗೊತ್ತಿರುವ ಊರು. ಅಲ್ಲಿ ನಿಮ್ಮ ಚಿಕ್ಕಪ್ಪ ಚಿಕ್ಕಪ್ಪನಲ್ಲ ಎಂದು ತಿಳಿಯುವುದೇ ಭಯ. 1978ರದ್ದು ಸ್ಯಾನ್ ಫ್ರಾನ್ಸಿಸ್ಕೋದಲ್ಲಿ, ಯಾರೂ ಯಾರಿಗೂ ಗೊತ್ತಿಲ್ಲದ ನಗರದಲ್ಲಿ. ಅಲ್ಲಿ ಅರ್ಧ ಊರು ಬದಲಾದರೂ ಯಾರಿಗೂ ಗೊತ್ತಾಗುವುದಿಲ್ಲ. 1956ರ ನಾಯಕ ನಟ ಕೆವಿನ್ ಮೆಕಾರ್ಥಿ ಅದರಲ್ಲಿ ಒಂದು ಕ್ಷಣ ಬರುತ್ತಾನೆ, ಇಪ್ಪತ್ತೆರಡು ವರ್ಷದಿಂದ ಓಡುತ್ತಲೇ ಇದ್ದವನ ಹಾಗೆ ಬೀದಿಯಲ್ಲಿ ಕೂಗುತ್ತಾ ಕಾರುಗಳ ನಡುವೆ ಓಡಿ. ನನಗೆ ಮೈ ಜುಮ್ಮೆಂದಿತ್ತು. ಹಳೆಯದಕ್ಕೆ ಗೌರವ ಸಲ್ಲಿಸುವುದೆಂದರೆ ಹಾಗೆ. 1993ರದ್ದು ಸೈನಿಕ ನೆಲೆಯಲ್ಲಿ, ಎಲ್ಲರೂ ಒಂದೇ ಥರ ಇರಬೇಕಾದ ಜಾಗದಲ್ಲಿ. 2007ರದ್ದು ನನ್ನನ್ನು ಮುಟ್ಟಲಿಲ್ಲ.

ಹೊಸದು ಬರುವಾಗ ನಾನು ಕೇಳಿಕೊಳ್ಳುವುದು ಇಷ್ಟೇ: ಇವರು ಭಯವನ್ನು ಯಾವ ಜಾಗಕ್ಕೆ ಒಯ್ದಿದ್ದಾರೆ? ಉತ್ತರ ಇಲ್ಲದಿದ್ದರೆ ಮನೆಯಲ್ಲೇ ನೋಡುತ್ತೇನೆ.

—

ಧಾರವಾಡ

ಮೈಸೂರಿನ ಸರ್ ಹೇಳಿದ್ದು ಓದಿ ನನಗ ನಮ್ಮ ಆಪ್ತಮಿತ್ರ ನೆನಪಾತು. 1993ರ ಮಲಯಾಳಂ ಮಣಿಚಿತ್ರತಾಳ್, 2004ಕ್ಕ ಕನ್ನಡದಾಗ ಬಂತು, ಮರುವರ್ಷ ತಮಿಳಿನಾಗ ಚಂದ್ರಮುಖಿ, 2007ಕ್ಕ ಹಿಂದಿ ಭೂಲ್ ಭುಲೈಯಾ. ಕಥಿ ಎಲ್ಲಾದ್ರಾಗೂ ಒಂದ. ಆದ್ರ ಒಂದು ನೋಡ್ರಿ: ಮಲಯಾಳಂದಾಗ ಕಥಿಯೊಳಗಿನ ಸತ್ತ ನರ್ತಕಿ ಮಾತಾಡೋದು ತಮಿಳು. ನಮ್ಮ ನಾಗವಲ್ಲಿ ತೆಲುಗು. ಹಿಂದಿಯೊಳಗ ಮಂಜುಲಿಕಾ ಬಂಗಾಳಿ. ಪ್ರತಿ ಸಲ ಬಾಜೂ ಮನಿ ಭಾಷಾ! ನಮಗ ಅರ್ಧ ತಿಳಿತದ, ಅರ್ಧ ತಿಳಿಯಂಗಿಲ್ಲ, ಆ ಅರ್ಧದಾಗನ ಅಂಜಿಕಿ ಕುಂತದ. ಸೌಂದರ್ಯ "ರಾ ರಾ" ಅಂತ ಕುಣಿದಾಗ ನಮ್ಮ ಅವ್ವ ನನ್ನ ಕೈ ಎಷ್ಟು ಗಟ್ಟಿ ಹಿಡಿದಿದ್ಲಂದ್ರ ಉಗುರು ಮೂಡಿದ್ದವು. ಸಿನಿಮಾ ಬರೂದ್ರಾಗ ಸೌಂದರ್ಯ ಇದ್ದಿಲ್ಲ, ಏಪ್ರಿಲ್‌ನಾಗ ವಿಮಾನ ಅಪಘಾತದಾಗ ತೀರಿಕೊಂಡಿದ್ರು. ಥಿಯೇಟರ್ ತುಂಬ ಜನ ಅಳಾಕತ್ತಿದ್ರು.

ಮುಂದಿನ ಭಾಗ ಆಪ್ತರಕ್ಷಕ 2010ಕ್ಕ ಬಂತು, ವಿಷ್ಣುವರ್ಧನ್ ಸರ್ ಹೋದಮ್ಯಾಲ. ಅದು ಅವರ 200ನೇ ಸಿನಿಮಾ. ಕಥಿ ಮೊದಲನೇದರಷ್ಟು ಬಿಗಿ ಇರಲಿಲ್ಲ, ಆದ್ರ ನಾನು ಮೂರು ಸಲ ನೋಡೇನಿ. ಅವರನ್ನ ನೋಡಾಕ ಹೋಗಿದ್ದೆ. ಅಂಥಾ ಕಾರಣಕ್ಕ ಮುಂದಿನ ಭಾಗಕ್ಕ ಹೋಗೂದು ತಪ್ಪಲ್ಲ ಅಂತ ನನ್ನ ಅಭಿಪ್ರಾಯ.

ಇನ್ನ ಗೋಡಿ ಮ್ಯಾಲ "ನಾಳೆ ಬಾ" ಬರಿಯೂ ನಮ್ಮ ಕಥಿ ಹಿಂದಿಗೆ ಹೋಗಿ ಸ್ತ್ರೀ ಆತು, 2024ಕ್ಕ ಎರಡನೇದೂ ಬಂತು. ನಿಮ್ಮ ಮಗಳಿಗೆ ಮೊದಲನೇದು ತೋರಸ್ರಿ, ಅಜ್ಜಿ ಹೇಳಿದ ಕಥಿ ಇದು ಅಂತ ಹೇಳಿ ತೋರಸ್ರಿ.

—

ಯೊಕೊಹಾಮಾ, ಜಪಾನ್ (ಮೂಲತಃ ಹಾಸನ)

ಮೈನಸ್ ಒನ್ ಅನ್ನು ಇಲ್ಲೇ, ಜಪಾನಿ ಪ್ರೇಕ್ಷಕರ ನಡುವೆ ನೋಡಿದೆ. ಮುಗಿದ ಮೇಲೆ ದೀಪ ಹತ್ತಿದರೂ ನನ್ನ ಪಕ್ಕದ ವಯಸ್ಸಾದವರು ಏಳಲಿಲ್ಲ.

ನಿಮ್ಮ ಮಗಳಿಗೆ ಸಾಧ್ಯವಾದರೆ 1954ರ ಕಪ್ಪು-ಬಿಳುಪಿನ ಮೂಲವನ್ನೂ ತೋರಿಸಿ. ಆ ವರ್ಷ ಮಾರ್ಚ್‌ನಲ್ಲಿ ಅಮೆರಿಕ ಬಿಕಿನಿ ಹವಳದ್ವೀಪದಲ್ಲಿ ಹೈಡ್ರೋಜನ್ ಬಾಂಬ್ ಸಿಡಿಸಿದಾಗ ಜಪಾನಿನ ಒಂದು ಮೀನುಗಾರಿಕೆ ದೋಣಿಯ ಮೇಲೆ ವಿಕಿರಣದ ಬೂದಿ ಬಿತ್ತು. ನವೆಂಬರ್‌ನಲ್ಲಿ ಸಿನಿಮಾ ಬಂತು, ಅದು ಶುರುವಾಗುವುದೇ ಸಮುದ್ರದಲ್ಲಿ ದೋಣಿ ನಾಶವಾಗುವ ದೃಶ್ಯದಿಂದ. 1956ರಲ್ಲಿ ಅಮೆರಿಕಕ್ಕೆ ಹೋದಾಗ ಅದನ್ನು ಕತ್ತರಿಸಿ, ಒಬ್ಬ ಅಮೆರಿಕನ್ ಪತ್ರಕರ್ತನ ಪಾತ್ರ ಸೇರಿಸಿ, ಬಾಂಬಿನ ಮಾತನ್ನು ತೆಳು ಮಾಡಿದರು. ಹುಡುಕುವಾಗ ಜಪಾನಿ ಆವೃತ್ತಿಯನ್ನೇ ಹುಡುಕಿ.

2016ರ ಶಿನ್ ಗಾಡ್ಜಿಲ್ಲಾದಲ್ಲಿ ಪ್ರಾಣಿ ನುಗ್ಗುತ್ತಿದ್ದರೆ ಅಧಿಕಾರಿಗಳು ಸಭೆ ಸೇರುತ್ತಲೇ ಇರುತ್ತಾರೆ. 2011ರ ಭೂಕಂಪ, ಸುನಾಮಿ, ಫುಕುಶಿಮಾ ಅಣುಸ್ಥಾವರದ ದುರಂತ ಕಂಡವರಿಗೆ ಅದು ಹೇಗೆ ಚುಚ್ಚುತ್ತದೆ ಎಂದು ನನ್ನ ಸಹೋದ್ಯೋಗಿಗಳ ಮಾತಿನಲ್ಲಿ ಕೇಳಿದ್ದೇನೆ. ಮೈನಸ್ ಒನ್ ಮತ್ತೆ ಹಿಂದಕ್ಕೆ ಹೋಗಿ ಯುದ್ಧ ಸೋತ ದೇಶದಲ್ಲಿ, ಸಾಯಲು ಕಳಿಸಿದರೂ ಸಾಯದೆ ಉಳಿದ ಒಬ್ಬ ಪೈಲಟ್‌ನ ಕಥೆ ಹೇಳುತ್ತದೆ. ಅದೇ ಪ್ರಾಣಿ, ಮೂರು ಬೇರೆ ಗಾಯ. ಇವು ಒಂದರ ಮುಂದಿನ ಭಾಗ ಇನ್ನೊಂದಲ್ಲ, ಯಾವುದನ್ನಾದರೂ ಮೊದಲು ನೋಡಬಹುದು.

—

ಮಂಗಳೂರು

ರೊಮ್ಯುಲಸ್ ವಿಷಯದಲ್ಲಿ ವಿಎಫ್‌ಎಕ್ಸ್‌ನವರ ಮಾತು ನಾನು ಪೂರ್ತಿ ಒಪ್ಪುವುದಿಲ್ಲ. ಮೊದಲ ಒಂದು ಗಂಟೆ ಉಸಿರು ಕಟ್ಟಿ ನೋಡಿದೆ. ಆದರೆ 1986ರಲ್ಲಿ ನಾಯಕಿ ರಿಪ್ಲಿ ಹೇಳಿದ ಹೆಸರಾಂತ ಮಾತನ್ನು ಇಲ್ಲಿ ಇನ್ನೊಬ್ಬರ ಬಾಯಲ್ಲಿ ಹೇಳಿಸಿದ ಕ್ಷಣ ನಾನು ಕಥೆಯಿಂದ ಹೊರಗೆ ಬಿದ್ದೆ. ಇನ್ನೊಂದು, 1979ರದ್ದರಲ್ಲಿ ನಟಿಸಿದ್ದ, 2020ರಲ್ಲಿ ತೀರಿಹೋದ ಇಯಾನ್ ಹೋಮ್ ಅವರ ಮುಖವನ್ನು ಮರುಸೃಷ್ಟಿ ಮಾಡಿದ್ದು. ಕುಟುಂಬದ ಒಪ್ಪಿಗೆ ಪಡೆದಿದ್ದರು, ಮನೆಗೆ ಬಂದ ಆವೃತ್ತಿಯಲ್ಲಿ ಅದನ್ನು ಸ್ವಲ್ಪ ಸುಧಾರಿಸಿದ್ದೂ ನಿಜ. ಆದರೂ ನನಗೆ ಮನಸ್ಸು ಒಪ್ಪಲಿಲ್ಲ. ಸತ್ತವರು ಹೊಸ ಪಾತ್ರವನ್ನು ಬೇಡ ಎನ್ನಲಾರರು.

1992ರ ಮೂರನೆಯದನ್ನು ಈಗಲೇ ತೋರಿಸಬೇಡಿ. ಎರಡನೆಯದರಲ್ಲಿ ರಿಪ್ಲಿ ಜೀವ ಪಣಕ್ಕಿಟ್ಟು ಉಳಿಸಿದ ಹುಡುಗಿಯನ್ನು ಅದು ಶುರುವಿನಲ್ಲೇ ಕೊಂದುಬಿಡುತ್ತದೆ. ನನಗಾಗ ಹದಿನೈದು ವರ್ಷ, ತುಂಬಾ ದಿನ ಕೊರೆಯಿತು.

—

ನ್ಯೂಕ್ಯಾಸಲ್, ಇಂಗ್ಲೆಂಡ್, ನರ್ಸ್

28 ಇಯರ್ಸ್ ಲೇಟರ್ (2025) ಯಾರೂ ಹೇಳಲಿಲ್ಲ. ಸೋಂಕು ತಗುಲಿ ಕೆರಳಿದವರಿಂದ ತಪ್ಪಿಸಿಕೊಂಡು ಅದರಲ್ಲಿ ಜನ ಅಡಗಿ ಬದುಕುವ ದ್ವೀಪ ನಮ್ಮಿಂದ ಗಂಟೆ ದೂರದ ಹೋಲಿ ಐಲ್ಯಾಂಡ್. ದಿನಕ್ಕೆ ಎರಡು ಸಲ ಉಬ್ಬರ ಬಂದು ದಾರಿ ಮುಳುಗುತ್ತೆ. ದಾಟುವ ಹೊತ್ತಿನ ಪಟ್ಟಿ ನೋಡದೆ ಯಾರೂ ಕಾರು ಇಳಿಸಲ್ಲ. ಸಿನಿಮಾ ನೋಡಿದ ಮೇಲೆ ಆ ದಾರಿಯಲ್ಲಿ ಹೋಗಿದ್ದೆ, ನೀರು ಏರುವುದನ್ನು ನೋಡುತ್ತಾ ಬೆನ್ನು ತಣ್ಣಗಾಯಿತು.

2002ರ ಮೊದಲನೆಯದನ್ನು ಅಗ್ಗದ ಡಿಜಿಟಲ್ ವಿಡಿಯೋ ಕ್ಯಾಮೆರಾದಲ್ಲಿ ತೆಗೆದಿದ್ದರು, ಅದೇ ಡ್ಯಾನಿ ಬಾಯ್ಲ್ ಇದರ ಬಹುಭಾಗವನ್ನು ಐಫೋನಿನಲ್ಲಿ ತೆಗೆದಿದ್ದಾರೆ. 2002ರದ್ದು ನೋಡಿದರೆ ಸಾಕು. 2007ರದ್ದನ್ನು ಬಿಟ್ಟರೆ ಏನೂ ತಪ್ಪಲ್ಲ, ಅದರ ಕೊನೆಯನ್ನು ಹೊಸದು ಒಂದೇ ಸಾಲಿನಲ್ಲಿ ದಾಟಿಬಿಡುತ್ತೆ.

—

ಬೆಂಗಳೂರು

ಡ್ಯೂನ್ ಬಗ್ಗೆ ಒಂದೇ ಮಾತು: 2021, 2024 ಎರಡೂ ನೋಡದೆ ಮೂರನೆಯದಕ್ಕೆ ಹೋಗಬೇಡಿ, ಏನೂ ತಿಳಿಯಲ್ಲ. ಈವಿಲ್ ಡೆಡ್‌ಗೆ ಆ ಚಿಂತೆ ಇಲ್ಲ. 2023ರದ್ದು ಕಾಡಿನ ಮನೆ ಬಿಟ್ಟು ಅಪಾರ್ಟ್‌ಮೆಂಟಿಗೆ ಬಂತು, ಅಮ್ಮನೇ ದೆವ್ವ ಆದಳು. ಹಿಂದಿನದೇನೂ ನೋಡದ ನನ್ನ ಹೆಂಡತಿ ಆ ರಾತ್ರಿ ಲೈಟ್ ಆರಿಸಲು ಬಿಡಲಿಲ್ಲ.

—

ಕೇಳಿದವರು, ತುಮಕೂರು

ಎಲ್ಲರಿಗೂ ಕೈ ಮುಗಿದೆ. ಗಾಡ್ಜಿಲ್ಲಾಕ್ಕೆ ಒಂದು, ಡ್ಯೂನ್‌ಗೆ ಒಂದು ಭಾನುವಾರ ಗಟ್ಟಿ. ಈವಿಲ್ ಡೆಡ್ ಮಗಳಿಗೆ 18 ತುಂಬುವವರೆಗೆ ಕಾಯಲಿ.

ನಿನ್ನೆ ರಾತ್ರಿ ಮನೆಯಲ್ಲೇ 1979ರ ಏಲಿಯನ್ ಹಾಕಿದೆವು. ಊಟದ ಮೇಜಿನ ದೃಶ್ಯ ಬರುವ ಮುಂಚೆ ಅವಳಿಗೆ ಏನೂ ಹೇಳದೆ ಬಾಯಿ ಮುಚ್ಚಿಕೊಂಡು ಕೂತಿದ್ದೆ. ಅವಳು ದಿಂಬು ಎತ್ತಿ ಮುಖ ಮುಚ್ಚಿಕೊಂಡಳು. ಆಮೇಲೆ ನಿಲ್ಲಿಸು ಅಂದಳು, ಹತ್ತು ಸೆಕೆಂಡ್ ಹಿಂದಕ್ಕೆ ಹೋಗಿ ಮತ್ತೆ ನೋಡಿದಳು. ಮುಗಿದಾಗ ಹನ್ನೊಂದೂವರೆ. "ಎರಡನೇದು ಇವತ್ತೇ ನೋಡೋಣ" ಅಂತ ಹಟ. ನಾಳೆ ಕಾಲೇಜು ಅಂತ ಮಲಗಿಸಿದೆ.

ಮೈಸೂರಿನ ಸರ್, 1978ರ ಬಾಡಿ ಸ್ನ್ಯಾಚರ್ಸ್ ಶನಿವಾರಕ್ಕೆ ಇಟ್ಟಿದ್ದೀವಿ. ಅವಳಿಗೆ 1956ರದ್ದು ಮೊದಲು ತೋರಿಸಲೇ? ಕಪ್ಪು-ಬಿಳುಪು ಅಂದರೆ ಮುಖ ತಿರುಗಿಸುತ್ತಾಳೆ, ಆದರೆ ಆ ಬೀದಿಯಲ್ಲಿ ಓಡುವವನು ಯಾರು ಅಂತ ಅವಳಿಗೆ ಗೊತ್ತಿರಬೇಕು ಅನ್ನಿಸ್ತಿದೆ.