ಹಿಂದಿನ ಬಾಗಿಲಿಗೆ ಆಂಟೆನಾ ಕೂರಿಸಿದ ಮೇಲೆ ಎಸ್‌ಡಬ್ಲ್ಯುಆರ್ 3 ಬರುತ್ತಿದೆ, ಕಡ್ಡಿ ಕತ್ತರಿಸಲಾ?

ಹೊಸ ಕಾಲ್‌ಸೈನ್:
ಎಲ್ಲರಿಗೂ ನಮಸ್ಕಾರ. ಹ್ಯಾಮ್ (ಹವ್ಯಾಸಿ ರೇಡಿಯೊ) ಲೈಸೆನ್ಸ್ ಸಿಕ್ಕಿದ ಮೇಲೆ ಕಾರಿಗೆ 50 ವಾಟ್‌ನ ವಿಎಚ್‌ಎಫ್-ಯುಎಚ್‌ಎಫ್ ಸೆಟ್ ಹಾಕಿದ್ದೇನೆ. ಮೊದಲು ಮ್ಯಾಗ್ನೆಟ್ ಬೇಸ್ ಆಂಟೆನಾವನ್ನು ಕಾರಿನ ತಲೆ ಮೇಲೆ ಇಟ್ಟು ನೋಡಿದಾಗ 145 ಮೆಗಾಹರ್ಟ್ಸ್‌ನಲ್ಲಿ ಎಸ್‌ಡಬ್ಲ್ಯುಆರ್ (ಆಂಟೆನಾ ಕಡೆಯಿಂದ ಪವರ್ ಎಷ್ಟು ವಾಪಸ್ ಬರುತ್ತದೆ ಅನ್ನುವ ಅಳತೆ, 1ಕ್ಕೆ ಹತ್ತಿರ ಇದ್ದಷ್ಟೂ ಒಳ್ಳೆಯದು) 1.3 ಇತ್ತು. ಈಗ ಅದೇ ಕಡ್ಡಿಯನ್ನು ಹಿಂದಿನ ಬಾಗಿಲಿನ ಅಂಚಿಗೆ ಕ್ಲ್ಯಾಂಪ್ ಹಾಕಿಸಿ ಕೂರಿಸಿದ್ದೇನೆ. ಆರ್‌ಜಿ-58 ಕೇಬಲ್, ಸುಮಾರು 5 ಮೀಟರ್. ಕೇಬಲ್ ಎಳೆದ ಮೇಲೆ ತುದಿಗೆ ಪಿಎಲ್-259 ಕನೆಕ್ಟರ್ ಹಾಕಿಕೊಟ್ಟರು. ಈಗ ಎಸ್‌ಡಬ್ಲ್ಯುಆರ್ 3 ತೋರಿಸುತ್ತಿದೆ. ರಸ್ತೆಯ ಗುಂಡಿಗಳ ಮೇಲೆ ಹೋದರೆ ದನಿ ಕಡಿದು ಕಡಿದು ಬರುತ್ತದೆ. ಕಡ್ಡಿ ಉದ್ದ ಜಾಸ್ತಿ ಆಗಿದೆಯಾ? ಸ್ವಲ್ಪ ಕತ್ತರಿಸಿ ನೋಡಲಾ?

ಎರಡು ಮೀಟರ್:
ಕತ್ತರಿ ಕೆಳಗಿಡಿ. 144ರಲ್ಲಿ ಒಮ್ಮೆ, 146ರಲ್ಲಿ ಒಮ್ಮೆ ಅಳೆಯಿರಿ. 144ರ ಕಡೆ ಎಸ್‌ಡಬ್ಲ್ಯುಆರ್ ಕಡಿಮೆ ಬಂದರೆ ಕಡ್ಡಿ ಉದ್ದ, 146ರ ಕಡೆ ಕಡಿಮೆ ಬಂದರೆ ಗಿಡ್ಡ. ಎರಡೂ ಕಡೆ ಒಂದೇ ತರಹ ಕೆಟ್ಟದಾಗಿದ್ದರೆ ತೊಂದರೆ ಬೇರೆ ಕಡೆ ಇರಬಹುದು. ಅಳೆಯುವಾಗ ಕಡಿಮೆ ಪವರ್ ಇಡಿ. ಬಾಗಿಲುಗಳೆಲ್ಲ ಮುಚ್ಚಿರಲಿ, ಕಾರು ಗೋಡೆ ಪಕ್ಕದಲ್ಲಿ ಇರಬಾರದು.

ಬೆಸುಗೆ ಪೆಟ್ಟಿಗೆ:
ಆಂಬುಲೆನ್ಸ್, ಲಾರಿ, ಟ್ಯಾಕ್ಸಿಗಳಿಗೆ ಸೆಟ್ ಕೂರಿಸುವುದೇ ನನ್ನ ಕೆಲಸ. ನೀವು ಬರೆದದ್ದರಲ್ಲಿ ನನಗೆ ಮುಖ್ಯ ಅನ್ನಿಸಿದ್ದು 3 ಅಲ್ಲ, ಗುಂಡಿಯಲ್ಲಿ ದನಿ ಕಡಿಯುವುದು. ಉದ್ದ ಹೆಚ್ಚುಕಮ್ಮಿ ಇರುವ ಕಡ್ಡಿ ಗುಂಡಿಯಲ್ಲೂ ಹಾಗೇ ಇರುತ್ತದೆ, ನಯವಾದ ರಸ್ತೆಯಲ್ಲೂ ಹಾಗೇ ಇರುತ್ತದೆ. ಅಲುಗಾಡಿದಾಗ ಬದಲಾಗುವುದು ಲೂಸ್ ಕನೆಕ್ಷನ್ ಮಾತ್ರ. ನಿಮ್ಮ ಕಡ್ಡಿ ಬೇರೆ ಬೇಸ್ ಮೇಲೆ 1.3 ಕೊಟ್ಟಿತ್ತು ಅಲ್ವಾ? ಅಂದಮೇಲೆ ಅದನ್ನು ಮುಟ್ಟಬೇಡಿ.

ಮಲ್ಟಿಮೀಟರ್ ತೆಗೆದುಕೊಳ್ಳಿ. ಸೆಟ್‌ನಿಂದ ಕನೆಕ್ಟರ್ ಬಿಚ್ಚಿ, ಮೇಲೆ ಕಡ್ಡಿಯನ್ನೂ ಬಿಚ್ಚಿ. ಕೆಲವು ಆಂಟೆನಾಗಳ ಬುಡದಲ್ಲಿ ಕಾಯಿಲ್ ಇರುತ್ತದೆ, ಬಿಚ್ಚದೇ ಅಳೆದರೆ ಶಾರ್ಟ್ ಇದೆ ಅಂತ ಸುಮ್ನೆ ಗಾಬರಿಯಾಗುತ್ತೀರಿ. ಕನೆಕ್ಟರ್‌ನ ನಡು ಪಿನ್ನಿನಿಂದ ಕ್ಲ್ಯಾಂಪಿನ ನಡು ಪಿನ್ನಿಗೆ ಹೆಚ್ಚುಕಡಿಮೆ ಸೊನ್ನೆ ಓಮ್ ಬರಬೇಕು. ಪಿನ್ನಿಗೂ ಹೊರಗಿನ ಲೋಹಕ್ಕೂ ನಡುವೆ ಸಂಪರ್ಕವೇ ಇರಬಾರದು. ಆಮೇಲೆ ಹೊರಲೋಹದಿಂದ ಕಾರಿನ ಬಾಡಿವರೆಗೆ ಅಳೆಯಿರಿ. ಬಣ್ಣದ ಮೇಲೆ ಅಲ್ಲ, ಸೀಟಿನ ಬೋಲ್ಟಿನಂಥ ಬರೀ ಲೋಹಕ್ಕೆ ಹಿಡಿಯಿರಿ. ಇದೂ ಸೊನ್ನೆಗೆ ಹತ್ತಿರ ಇರಬೇಕು. ಅಳೆಯುತ್ತಾ ಕೇಬಲ್ಲನ್ನು ಕನೆಕ್ಟರ್ ಹತ್ತಿರ ಅತ್ತಿತ್ತ ಬಾಗಿಸಿ. ಮೀಟರಿನ ಅಂಕಿ ಕುಣಿಯುತ್ತಿದ್ದರೆ ಕಳ್ಳ ಅಲ್ಲೇ ಇದ್ದಾನೆ.

ಪಿಎಲ್-259 ಹಾಕುವಾಗ ಬಹಳ ಜನ ನಡು ತಂತಿಗೆ ಬೆಸುಗೆ ಹಾಕಿ, ಹೊರಜಾಲರಿಯನ್ನು (ನಡು ತಂತಿಯ ಸುತ್ತ ಇರುವ ಹೆಣೆದ ತಂತಿ) ಒಳಗೆ ತುರುಕಿ ಬಿಗಿದು ಬಿಡುತ್ತಾರೆ. ಆ ದಿನ ಎಲ್ಲ ಸರಿ ಇರುತ್ತದೆ. ಕೆಲವು ವಾರ ಕಾರು ಅದುರಿದ ಮೇಲೆ ಜಾಲರಿ ಸಡಿಲವಾಗುತ್ತದೆ. ಆರ್‌ಜಿ-58 ಸಣ್ಣ ಕೇಬಲ್, ಆ ಕನೆಕ್ಟರ್ ದಪ್ಪ ಕೇಬಲ್‌ಗೆ ಮಾಡಿದ್ದು. ನಡುವೆ ರೆಡ್ಯೂಸರ್ (ಸಣ್ಣ ಕೇಬಲ್ಲನ್ನು ದಪ್ಪ ಕನೆಕ್ಟರಿಗೆ ಹೊಂದಿಸುವ ಲೋಹದ ಕೊಳವೆ) ಬೇಕೇ ಬೇಕು. ಹೊರಗಿನ ತಿರುಗುವ ನಟ್ಟನ್ನೂ ರೆಡ್ಯೂಸರನ್ನೂ ಮೊದಲೇ ಕೇಬಲ್‌ಗೆ ಪೋಣಿಸಿ. ಜಾಲರಿಯನ್ನು ಬಿಡಿಸಿ ರೆಡ್ಯೂಸರಿನ ಕುತ್ತಿಗೆ ಮೇಲೆ ಹಿಂದಕ್ಕೆ ಮಡಚಿ, ಥ್ರೆಡ್ಡಿನ ಮೇಲೆ ಬರುವ ಎಳೆಗಳನ್ನು ಕತ್ತರಿಸಿ, ಆಮೇಲೆ ತಿರುಗಿಸಿ ಹಾಕಿ. ಮೈಮೇಲೆ ಸಣ್ಣ ತೂತುಗಳಿವೆಯಲ್ಲ, ಅದರೊಳಗೆ ಹೊಳೆಯುವ ಜಾಲರಿ ಕಾಣಬೇಕು. ಅಲ್ಲಿಯೇ ಬೆಸುಗೆ ಇಳಿಸಬೇಕು.

25 ವಾಟ್‌ನ ಸಣ್ಣ ಬೆಸುಗೆ ಐರನ್ನಿನಿಂದ ಈ ಕೆಲಸ ಆಗುವುದಿಲ್ಲ. ಕನೆಕ್ಟರಿನ ಮೈ ಬಿಸಿಯಾಗುವಷ್ಟರಲ್ಲಿ ಒಳಗಿನ ಪಾಲಿಎಥಿಲೀನ್ ಮೆತ್ತಗಾಗಿ ನಡು ತಂತಿ ಪಕ್ಕಕ್ಕೆ ಸರಿಯುತ್ತದೆ, ಜಾಲರಿಗೆ ತಾಗಲೂಬಹುದು. 80–100 ವಾಟ್‌ನ ಅಗಲ ತುದಿಯ ಐರನ್ ಬೇಕು. ತೂತಿನ ಸುತ್ತ ನಿಕಲ್ ಲೇಪ ಇದ್ದರೆ ಅರದಿಂದ ಸ್ವಲ್ಪ ಉಜ್ಜಿ, ಬೇಗ ಬಿಸಿ ಮಾಡಿ, ಬೇಗ ಮುಗಿಸಿ. ಪಿನ್ನಿನ ಹೊರಗೆ ಬೆಸುಗೆಯ ಗುಳ್ಳೆ ಉಳಿದರೆ ಸೆಟ್ಟಿನ ಸಾಕೆಟ್ಟಿನೊಳಗಿನ ಹಿಡಿ ಅಗಲವಾಗಿ ಹಾಳಾಗುತ್ತದೆ. ಅದನ್ನೂ ನೀಟಾಗಿ ತೆಗೆಯಿರಿ. ಒಳ್ಳೆಯ ಕ್ರಿಂಪಿಂಗ್ ಟೂಲ್ ಇದ್ದರೆ ಕ್ರಿಂಪ್ ಕನೆಕ್ಟರೂ (ಬೆಸುಗೆ ಬದಲು ಒತ್ತಿ ಕೂರಿಸುವುದು) ಚೆನ್ನ. ಇಕ್ಕಳದಿಂದ ಒತ್ತಿದ್ದು ಕ್ರಿಂಪ್ ಅಲ್ಲ.

ಇನ್ನೊಂದು ಜಾಗ ಕ್ಲ್ಯಾಂಪ್. ಅದರ ಸಣ್ಣ ಸ್ಕ್ರೂಗಳು ಬಣ್ಣವನ್ನು ಸೀಳಿ ತಗಡಿಗೆ ತಾಗಲೇಬೇಕು. ಹೊಸ ಕಾರಿನ ಬಣ್ಣಕ್ಕೆ ಗಾಯವಾಗುತ್ತದೆ ಅಂತ ಕೆಲವರು ಅಡಿಗೆ ರಬ್ಬರ್ ಇಡುತ್ತಾರೆ, ಅಲ್ಲಿಗೆ ಆಂಟೆನಾದ ಅರ್ಧ ಭಾಗವೇ ಹೋಯಿತು. ಕಾಲು ತರಂಗದ (ತರಂಗದ ಉದ್ದದಲ್ಲಿ ನಾಲ್ಕನೇ ಒಂದು ಪಾಲಿನ) ಕಡ್ಡಿ 145ಕ್ಕೆ ಸುಮಾರು 49 ಸೆಂಟಿಮೀಟರ್ ಇರುತ್ತದೆ, ಉಳಿದರ್ಧ ಕಾರಿನ ತಗಡೇ. ಮ್ಯಾಗ್ನೆಟ್ ಬೇಸ್‌ನ ತಳ ಅಗಲ, ಬಣ್ಣದ ಮೂಲಕವೇ ಕೆಪ್ಯಾಸಿಟರ್ ತರಹ ತಗಡಿಗೆ ಸೇರಿಕೊಳ್ಳುತ್ತದೆ. ಕ್ಲ್ಯಾಂಪಿಗೆ ಆ ಅಗಲ ಇಲ್ಲ. ಬಾಗಿಲಿನ ಹಿಂಜಿನಲ್ಲಿ ಗ್ರೀಸು, ಬಣ್ಣ ಎರಡೂ ಇರುತ್ತವೆ, ಅದನ್ನು ನಂಬಬೇಡಿ. ಬಾಗಿಲಿನಿಂದ ಬಾಡಿವರೆಗೆ ಒಂದು ಗಿಡ್ಡ, ಅಗಲವಾದ ತಾಮ್ರದ ಜಾಲರಿಪಟ್ಟಿ ಹಾಕಿ. ಸ್ಕ್ರೂ ಬಿಗಿದ ಮೇಲೆ ಸೀಳಿದ ಜಾಗಕ್ಕೆ ಬಣ್ಣ ಹಚ್ಚಿ, ಇಲ್ಲದಿದ್ದರೆ ತುಕ್ಕು ಹಿಡಿಯುತ್ತದೆ.

ಫ್ಯೂಸ್ ಮೊದಲು:
ಮೇಲಿನವರು ಹೇಳಿದ್ದು ಸರಿ. ಕೇಬಲ್ ಎಳೆದ ದಾರಿಯನ್ನೂ ನೋಡಿಕೊಳ್ಳಿ. ಪಕ್ಕದ ಕಂಬಗಳಲ್ಲೂ ಚಾವಣಿಯ ಅಂಚಿನಲ್ಲೂ ಕರ್ಟನ್ ಏರ್‌ಬ್ಯಾಗ್ ಇದ್ದರೆ ಅದರ ಮುಂದೆ ಕೇಬಲ್ ಹಾಯಿಸಬಾರದು. ನೆಲದ ಮ್ಯಾಟಿನ ಕೆಳಗೆ, ಬಾಗಿಲ ಹೊಸ್ತಿಲ ಪಟ್ಟಿಯೊಳಗೆ ತನ್ನಿ. ಸೆಟ್ಟಿನ ಪವರ್ ನೇರ ಬ್ಯಾಟರಿಯಿಂದ ಬರಲಿ, ಫ್ಯೂಸ್ ಬ್ಯಾಟರಿಗೆ ಹತ್ತಿರವೇ ಇರಲಿ. 50 ವಾಟ್‌ಗೆ 10 ಆಂಪಿಯರ್ ಆಸುಪಾಸು ಬೇಕು, ಲೈಟರ್ ಸಾಕೆಟ್ ಇದಕ್ಕಲ್ಲ.

ಹೊಸ ಕಾಲ್‌ಸೈನ್:
ಬೆಸುಗೆ ಪೆಟ್ಟಿಗೆಯವರೇ, ತುಂಬಾ ಥ್ಯಾಂಕ್ಸ್. ಪಿನ್ ಸರಿ ಇತ್ತು. ಹೊರಲೋಹದಿಂದ ಬಾಡಿವರೆಗೆ ಅಳೆದಾಗ ಕೇಬಲ್ ಬಾಗಿಸಿದಂತೆಲ್ಲ ಅಂಕಿ ಹಾರುತ್ತಿತ್ತು. ಕನೆಕ್ಟರ್ ಬಿಚ್ಚಿದರೆ ರೆಡ್ಯೂಸರೇ ಇಲ್ಲ, ಜಾಲರಿಯ ನಾಲ್ಕೈದು ಎಳೆ ಮಾತ್ರ ಥ್ರೆಡ್ಡಿನ ನಡುವೆ ಸಿಕ್ಕಿಕೊಂಡಿತ್ತು. ಗೆಳೆಯರ ದೊಡ್ಡ ಐರನ್ ತಂದು ನೀವು ಹೇಳಿದ ಹಾಗೇ ಹಾಕಿದೆ. ಕ್ಲ್ಯಾಂಪಿನ ಸ್ಕ್ರೂ ಕೂಡ ಬಿಗಿ ಮಾಡಿದೆ. ಈಗ 145ರಲ್ಲಿ 1.5, ಗುಂಡಿಯಲ್ಲೂ ದನಿ ಕಡಿಯುವುದಿಲ್ಲ. ಜಾಲರಿಪಟ್ಟಿ ಇನ್ನೂ ಹಾಕಬೇಕು. ಒಂದು ಸಂಶಯ. ಕೇಬಲ್ ಹಿಂದಿನ ಬಾಗಿಲಿನ ರಬ್ಬರ್ ಬೀಡಿಂಗ್ ಮೇಲೆ ಹಾದು ಒಳಗೆ ಬರುತ್ತದೆ. ಮಳೆಗೆ ತೊಂದರೆ ಆಗುತ್ತಾ? ಯುಎಚ್‌ಎಫ್‌ನ 435 ಮೆಗಾಹರ್ಟ್ಸ್‌ನಲ್ಲಿ 1.2 ಇದೆ, ಅದಂತೂ ಪಕ್ಕಾ ಅಲ್ವಾ?

ಬೆಸುಗೆ ಪೆಟ್ಟಿಗೆ:
ಖುಷಿಯಾಯಿತು! 1.5 ಅಂದರೆ ಹಿಂದಿರುಗುವ ಪವರ್ ಬರೀ 4 ಶೇಕಡಾ. 3 ಇದ್ದಾಗ 25 ಶೇಕಡಾ ವಾಪಸ್ ಬರುತ್ತಿತ್ತು, ಅಲ್ಲಿ ಸೆಟ್ ತಾನೇ ಪವರ್ ತಗ್ಗಿಸಿಕೊಳ್ಳಲೂಬಹುದು.

435ರ 1.2 ನೋಡಿ ಪೂರ್ತಿ ಸಮಾಧಾನ ಪಡಬೇಡಿ. 5 ಮೀಟರ್ ಆರ್‌ಜಿ-58 ಆ ಕಂಪನಾಂಕದಲ್ಲಿ ಸುಮಾರು 2 ಡೆಸಿಬೆಲ್ ನುಂಗುತ್ತದೆ. ಅಂದರೆ ಮೂರರಲ್ಲಿ ಒಂದು ಪಾಲು ಪವರ್ ಕೇಬಲ್‌ನಲ್ಲೇ ಹೋಗುತ್ತದೆ. ವಾಪಸ್ ಬರುವ ಅಲೆಯೂ ಅಷ್ಟೇ ಸವೆಯುವುದರಿಂದ ಮೀಟರ್ ಇರುವುದಕ್ಕಿಂತ ಒಳ್ಳೆಯ ಲೆಕ್ಕ ಕೊಡುತ್ತದೆ. ನೀರು ಕುಡಿದ ಕೇಬಲ್ ಕೂಡ ಹೀಗೇ ಚೆಂದದ ಎಸ್‌ಡಬ್ಲ್ಯುಆರ್ ತೋರಿಸುತ್ತದೆ. ಯುಎಚ್‌ಎಫ್‌ನಲ್ಲಿ ಜಾಸ್ತಿ ಮಾತಾಡುವುದಿದ್ದರೆ ಕೇಬಲ್ ಆದಷ್ಟು ಗಿಡ್ಡ ಮಾಡಿ, ಇಲ್ಲವೇ ಕಡಿಮೆ ನಷ್ಟದ ಕೇಬಲ್ ಹಾಕಿ.

ಬೀಡಿಂಗ್ ವಿಷಯಕ್ಕೆ ಬಂದರೆ, ಬಾಗಿಲು ಮುಚ್ಚಿದಾಗ ಕೇಬಲ್ ಚಪ್ಪಟೆಯಾಗದ ಜಾಗ ಹುಡುಕಿ. ಒಂದು ಕಾಗದದ ಚೂರು ಇಟ್ಟು ಮುಚ್ಚಿ ಎಳೆದು ನೋಡಿ, ಸುಲಭವಾಗಿ ಬಂದರೆ ಅಲ್ಲಿ ಒತ್ತಡ ಕಡಿಮೆ. ಒಳಗೆ ಬರುವ ಮುಂಚೆ ಕೇಬಲ್ ಒಮ್ಮೆ ಕೆಳಕ್ಕೆ ಇಳಿದು ಮತ್ತೆ ಮೇಲೇರಲಿ. ನೀರು ಆ ಬಳುಕಿನಲ್ಲೇ ತೊಟ್ಟಿಕ್ಕುತ್ತದೆ, ಕೇಬಲ್ ಹಿಡಿದು ಒಳಗೆ ಬರುವುದಿಲ್ಲ. ಕ್ಲ್ಯಾಂಪಿನ ಕೆಳಗಿನ ಕನೆಕ್ಷನ್‌ಗೆ ತನ್ನಷ್ಟಕ್ಕೇ ಅಂಟಿಕೊಳ್ಳುವ ರಬ್ಬರ್ ಟೇಪನ್ನು ಎಳೆದೆಳೆದು ಸುತ್ತಿ. ಕೆಳಗಿನಿಂದ ಮೇಲಕ್ಕೆ ಸುತ್ತಿದರೆ ಸುತ್ತುಗಳ ನಡುವೆ ನೀರು ಇಳಿಯುವುದಿಲ್ಲ.