ಅಪ್‌ಡೇಟ್: ಟ್ರೌಟ್ ಮೀನಿನ ಆಹಾರವಾದ ಹುಳಗಳ ಗುರುತು ಸಿಕ್ಕಿತು
ಊಟಿ ಹತ್ತಿರದ ಅವಲಾಂಚಿ ಕೆರೆಯ ಟ್ರೌಟ್ ಹೊಟ್ಟೆಯಲ್ಲಿದ್ದ ಮೂರು ಬಾಲದ ಹುಳ, ಕೆಂಪು ಹುಳ ಯಾವುವು ಅಂತ ಫೋಟೋ ಹಾಕಿ ಇಲ್ಲಿ ಕೇಳಿದ್ದೆನಲ್ಲ, ಎರಡೂ ಗೊತ್ತಾಯಿತು. ನಮ್ಮ ಪುಣೆಯ ಕೆರೆಗಳಲ್ಲಿ ಟ್ರೌಟ್ ಇಲ್ಲ. ಆದರೆ ಇದೇ ಬಳಗದ ಹುಳಗಳು ಇಲ್ಲಿನ ಖಡಕ್‌ವಾಸ್ಲಾ ಜಲಾಶಯದಲ್ಲೂ ಇವೆ. ಉತ್ತರ ಕೊಟ್ಟವರು ಹೇಳಿದ ಹಾಗೆ ಅಲ್ಲಿ ದಡದ ಜೊಂಡು ಅಲ್ಲಾಡಿಸಿ, ನೀರನ್ನು ಬಿಳಿ ತಟ್ಟೆಗೆ ಸುರಿದು ಭೂತಗನ್ನಡಿಯಲ್ಲಿ ನೋಡಿದೆ.

ಹುಳವನ್ನು ಗುರುತಿಸಲು ಬಾಲ ಮೂರಿದ್ದರೆ ಸಾಲದು. ಕೂದಲಿನಂಥ ಬಾಲ, ಹೊಟ್ಟೆಯ ಎರಡೂ ಪಕ್ಕ ಪಟಪಟ ಬಡಿಯುವ ಕಿವಿರು ಇದ್ದರೆ ಮೇಫ್ಲೈ ಅನ್ನುವ ಹಾರುವ ಕೀಟದ ಮರಿ. ಬಾಲ ಎಲೆಯಂತೆ ಅಗಲವಾಗಿದ್ದು ಪಕ್ಕದಲ್ಲಿ ಕಿವಿರಿಲ್ಲದಿದ್ದರೆ ಡ್ಯಾಮ್ಸೆಲ್‌ಫ್ಲೈ (ಏರೋಪ್ಲೇನ್ ಚಿಟ್ಟೆಯ ಬಳಗದ ಕೀಟ) ಮರಿ, ಆ ಎಲೆಗಳೇ ಅದರ ಕಿವಿರು. ನಮ್ಮ ಫೋಟೋದಲ್ಲಿರುವ ಮೂರು ಬಾಲದ ಹುಳ ಇದೇ.

ಕೆಂಪು ಹುಳ ಕೈರೊನೊಮಿಡ್ ಅನ್ನುವ, ಸೊಳ್ಳೆಯಂತೆ ಕಾಣುವ ಕೀಟದ ಲಾರ್ವಾ (ಮರಿಹುಳ). ಕೆಸರಲ್ಲಿ ಆಮ್ಲಜನಕ ಕಮ್ಮಿ, ಅದಕ್ಕೇ ಅದರೊಳಗೆ ಹಿಮೋಗ್ಲೋಬಿನ್, ಅದರಿಂದಲೇ ಆ ಕೆಂಪು. ಅದರ ಪ್ಯೂಪಾ (ಲಾರ್ವಾದ ಮುಂದಿನ ಹಂತ) ನೀರಿನ ಮೇಲಕ್ಕೆ ಏಳುವಾಗ ಟ್ರೌಟ್ ಜಾಸ್ತಿ ತಿನ್ನುತ್ತದಂತೆ. ಪ್ಯೂಪಾದ ತಲೆಯ ಬಳಿಯ ಬಿಳಿ ಕುಚ್ಚು ತುಂಬಾ ಚೆಂದ! ಸಹಾಯ ಮಾಡಿದ ಎಲ್ಲರಿಗೂ ಥ್ಯಾಂಕ್ಸ್.